ಉಬ್ಬದ ಬಲೂನು

ಬೇಕರಿಯವನ ಬ್ರೆಡ್ಡು ಕೆಲವು ದಿನಗಳಿಂದ ಉಬ್ಬುತ್ತಿರಲಿಲ್ಲ. ಓವನ್ನಿಗೆ ಹೋಗುವಾಗ ಹೇಗಿತ್ತೋ ಹೊರಗೆ ಬರುವಾಗಲೂ ಹಾಗೇ, ಗಟ್ಟಿಯಾಗಿ ಕುಗ್ಗಿ ಕೂತಿರುತ್ತಿತ್ತು. ಎದುರು ಮನೆಯ ಅಜ್ಜಿ ಕೊಂಡ ಬ್ರೆಡ್ಡನ್ನು ವಾಪಸ್ ತಂದು, ಗಾಜಿನ ಕಪಾಟಿನ ಮೇಲೆ ಟಕಟಕ ಬಡಿದು, "ಏನಪ್ಪಾ, ಇನ್ಮೇಲೆ ಹಲ್ಲಿರೋರಿಗೆ ಮಾತ್ರ ವ್ಯಾಪಾರನಾ?" ಎಂದು ಕೇಳಿ ಹೋಗಿದ್ದಳು.

ಬೇಕರಿಯವನು ಮೊದಲು ಹಿಟ್ಟಿನ ಅಂಗಡಿಯವನನ್ನು ಬೈದ. ಆಮೇಲೆ ಚಳಿಯನ್ನು ಬೈದ. ಕೊನೆಗೆ, ಹೆಂಡತಿ ನಾದುವುದೇ ಸರಿಯಿಲ್ಲ ಎಂದ. ಅವಳು ಹಿಟ್ಟು ಮೆತ್ತಿದ ಕೈಯನ್ನು ಅವನ ಮೂಗಿನ ಮುಂದೆ ಹಿಡಿದು, "ಮದುವೆ ಆದಾಗಿಂದ ಇದೇ ಕೈ ರೀ ನಾದ್ತಿರೋದು. ಈಗ ಕೆಟ್ಟೋಯ್ತಾ?" ಎಂದಾಗ ಓವನ್ನಿನತ್ತ ತಿರುಗಿಕೊಂಡ.

ಅಷ್ಟರಲ್ಲಿ ಏಳನೇ ತರಗತಿಯ ಮಗಳು ಶಾಲೆಯಿಂದ ಓಡುತ್ತಾ ಬಂದಳು.

"ಅಪ್ಪಾ, ಇವತ್ತು ಕ್ಲಾಸಲ್ಲಿ ಬಾಟಲಿಗೆ ಬೆಚ್ಚಗಿನ ನೀರು, ಸಕ್ಕರೆ, ಈಸ್ಟ್ ಹಾಕಿ, ಬಾಯಿಗೆ ಬಲೂನ್ ಕಟ್ಟಿದ್ವಿ. ಎಲ್ಲರದೂ ತಾನಾಗೇ ಉಬ್ತು. ನಮ್ಮ ಗುಂಪಿಂದು ಮಾತ್ರ ಉಬ್ಬಲೇ ಇಲ್ಲ!"

ಬಹುಮಾನ ಬಂದವಳ ಹಾಗೆ ಹೇಳಿದಳು. ಉಳಿದ ಗುಂಪುಗಳಿಗೆ ಮೇಡಂ ಅಂಗಡಿಯ ಈಸ್ಟ್ ಕೊಟ್ಟಿದ್ದರು. ಇವಳು ಮಾತ್ರ ಬೇಕರಿಯವನ ಮಗಳೆಂಬ ಜಂಬದಿಂದ ಮನೆಯ ಡಬ್ಬಿಯದನ್ನೇ ಒಯ್ದಿದ್ದಳು.

"ಪುಸ್ತಕದಲ್ಲಿ ಏನಂತ ಇದೆ?" ಎಂದ ಅಪ್ಪ.

"ಉಬ್ಬುತ್ತೆ ಅಂತ ಇದೆ."

"ಹಾಗಾದ್ರೆ ಉಬ್ಬಿತು ಅಂತ ಬರಿ. ಪರೀಕ್ಷೇಲಿ ಅದನ್ನೇ ಕೇಳೋದು."

"ಆದ್ರೆ ಉಬ್ಬಲಿಲ್ವಲ್ಲಪ್ಪ!"

"ನಿಮ್ಮ ಮೇಡಂ ಬೈಲಿಲ್ವಾ?"

"ಇಲ್ಲ. ಭೇಷ್, ಇದು ಸ್ವಾರಸ್ಯವಾಗಿದೆ ಅಂದ್ರು."

ಅಪ್ಪನಿಗೆ ರೇಗಿಹೋಯಿತು. "ತಪ್ಪು ಮಾಡಿದ್ರೆ ಭೇಷ್ ಅನ್ನೋ ಶಾಲೆ! ಮೊನ್ನೆ ದಾರ ಬೇಕು, ನಿನ್ನೆ ರಟ್ಟು ಬೇಕು, ಇವತ್ತು ಬಲೂನು. ಪಾಠ ಯಾವಾಗ ಮಾಡ್ತಾರೆ? ರಸ್ತೆ ಕೊನೇಲಿರೋ ಶಾಲೇಲಿ ನೋಡು, ಮಕ್ಕಳು ಪುಸ್ತಕದ ತುಂಬ ನೋಟ್ಸ್ ಬರ್ಕೊಂಡು ಬರ್ತಾರೆ. ಸೋಮವಾರದಿಂದ ನೀನೂ ಅಲ್ಲಿಗೇ."

ಮಗಳ ಕಣ್ಣು ತುಂಬಿತು. "ಹಾಗಾದ್ರೆ ನಮ್ಮ ಬಲೂನ್ ಯಾಕೆ ಉಬ್ಬಲಿಲ್ಲ ಅಂತ ನಂಗೆ ಯಾವತ್ತೂ ಗೊತ್ತಾಗಲ್ಲ" ಎಂದಳು.

ಅವಳು ಒಳಗೆ ಹೋದ ಮೇಲೆ ಹೆಂಡತಿ ಹೇಳಿದಳು: "ಹಿಟ್ಟು ತಗೊಳ್ಳೋವಾಗ ಮುಟ್ಟಿ, ಮೂಸಿ ನೋಡ್ತೀರ. ಮಗಳನ್ನ ಶಾಲೆ ಬಿಡಿಸೋಕೆ ಮುಂಚೆ ಒಂದ್ಸಲ ಹೋಗಿ ಅಲ್ಲೇನು ನಡೆಯುತ್ತೆ ಅಂತ ನೋಡ್ಬಾರ್ದಾ?"

ಮರುದಿನ ಮಧ್ಯಾಹ್ನ ಬೇಕರಿಯವನು ಶಾಲೆಗೆ ಹೋದ, ನೋಡುವುದಕ್ಕಲ್ಲ, ವರ್ಗಾವಣೆ ಪತ್ರ ಕೇಳುವುದಕ್ಕೆ. ಮಗಳ ತರಗತಿಯಲ್ಲಿ ಬೆಂಚುಗಳನ್ನೆಲ್ಲ ಗೋಡೆಗೆ ಒತ್ತರಿಸಿದ್ದರು. ಮಕ್ಕಳು ನೆಲದ ಮೇಲೆ ದುಂಡಗೆ ಕೂತಿದ್ದರು.

"ಪತ್ರ ಕೊಡೋಣ. ಈ ಪಿರಿಯಡ್ ಮುಗಿಯೋವರೆಗೆ ಕೂತಿರಿ. ಇವತ್ತಿನ ಪ್ರಶ್ನೆ ನಿಮ್ಮ ಕಸುಬಿಂದೇ" ಎಂದು ಮೇಡಂ ಕುರ್ಚಿ ತೋರಿಸಿದರು.

ಬೋರ್ಡಿನ ಮೇಲೆ 'ಯಾಕೆ ಉಬ್ಬಲಿಲ್ಲ?' ಎಂದಿತ್ತು. ಕೆಳಗೆ ಮಕ್ಕಳ ಊಹೆಗಳು: ಬಲೂನು ತೂತು, ಸಕ್ಕರೆ ಕಡಿಮೆ, ನೀರು ತಣ್ಣಗೆ, ಈಸ್ಟ್ ಕೆಟ್ಟಿದೆ.

"ಎಲ್ಲಾನೂ ಬದಲಾಯಿಸಿಬಿಡೋಣ ಮೇಡಂ" ಎಂದಿತು ಒಂದು ಮಗು.

"ಆಗ ಯಾವುದರಿಂದ ಸರಿಹೋಯ್ತು ಅಂತ ಹೇಗೆ ಗೊತ್ತಾಗುತ್ತೆ?" ಎಂದಳು ಬೇಕರಿಯವನ ಮಗಳು. "ಒಂದನ್ನ ಮಾತ್ರ ಬದಲಾಯಿಸಿ, ಉಳಿದಿದ್ದೆಲ್ಲ ಹಾಗೇ ಇಡಬೇಕು."

ಬೇಕರಿಯವನಿಗೆ ಚುರುಕ್ಕೆಂದಿತು. ಬ್ರೆಡ್ಡು ಕೆಟ್ಟಾಗ ಅವನು ಹಿಟ್ಟು, ಸಕ್ಕರೆ, ಓವನ್ನಿನ ಕಾವು ಎಲ್ಲವನ್ನೂ ಒಂದೇ ದಿನ ಬದಲಾಯಿಸಿ ತಲೆಕೆಡಿಸಿಕೊಂಡಿದ್ದ.

ಮಕ್ಕಳು ಒಂದೇ ಥರದ ಎರಡು ಬಾಟಲಿ ತಂದರು. ಒಂದೇ ಪಾತ್ರೆಯ ನೀರು, ಒಂದೇ ಚಮಚದಲ್ಲಿ ಅಳೆದ ಸಕ್ಕರೆ. ಒಂದಕ್ಕೆ ಅಂಗಡಿಯ ಈಸ್ಟ್, ಇನ್ನೊಂದಕ್ಕೆ ಅಷ್ಟೇ ಅಳತೆಯ ಬೇಕರಿಯ ಈಸ್ಟ್.

"ನಮ್ಮ ಡಬ್ಬಿಯ ಅವಧಿ ಇನ್ನೂ ಮುಗಿದಿಲ್ಲ ಮೇಡಂ. ಮೇಲೆ ತಾರೀಖೇ ಇದೆ. ಎರಡೂ ಉಬ್ಬುತ್ತೆ ನೋಡ್ತಿರಿ" ಎಂದ ಅಪ್ಪ.

"ಅದು ನಿಮ್ಮ ಊಹೆ" ಎಂದು ಮೇಡಂ ಅದನ್ನೂ ಬೋರ್ಡಿನ ಮೇಲೆ ಬರೆದರು. ಮಕ್ಕಳು ಕಿಸಕ್ಕನೆ ನಕ್ಕರು.

ಕಾಯುವಾಗ ಮೇಡಂ ವಿವರಿಸಿದರು. ಈಸ್ಟ್ ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು. ಅವು ಸಕ್ಕರೆ ತಿಂದು ಗಾಳಿಯಂಥ ಅನಿಲ ಬಿಡುತ್ತವೆ. ಬಲೂನಿಗೆ ತುಂಬುವುದೂ ಅದೇ, ಬ್ರೆಡ್ಡಿನಲ್ಲಿ ತೂತು ಮಾಡುವುದೂ ಅದೇ.

ಸ್ವಲ್ಪ ಹೊತ್ತಿಗೆ ಅಂಗಡಿ ಈಸ್ಟಿನ ಬಲೂನು ತಲೆಯೆತ್ತಿತು. ಮಕ್ಕಳು ಅದರ ಸುತ್ತ ದಾರ ಸುತ್ತಿ, ದಾರವನ್ನು ಸ್ಕೇಲಿನ ಮೇಲಿಟ್ಟು ಅಳೆದು, ಗ್ರಾಫಿನ ಹಾಳೆಯಲ್ಲಿ ಚುಕ್ಕಿ ಇಡತೊಡಗಿದರು. ಒಂದು ಗೆರೆ ಮೇಲೆ ಹತ್ತುತ್ತಾ ಹೋಯಿತು. ಇನ್ನೊಂದು ಕೆಳಗೇ ಮಲಗಿತ್ತು. ಬೇಕರಿಯವನು ಕುರ್ಚಿಯಿಂದ ಯಾವಾಗ ನೆಲಕ್ಕೆ ಜಾರಿ ಕೂತನೋ ಅವನಿಗೇ ತಿಳಿಯಲಿಲ್ಲ. "ಏಯ್, ದಾರ ಬಿಗಿಯಾಗಿ ಎಳೀಬೇಡ, ಅಳತೆ ತಪ್ಪುತ್ತೆ!" ಎಂದು ಮಕ್ಕಳನ್ನು ಗದರಿಸುತ್ತಿದ್ದ.

ಕೊನೆಗೆ ಮೆಲ್ಲಗೆ ಹೇಳಿದ: "ನಮ್ಮ ಈಸ್ಟ್ ಸತ್ತೋಗಿದೆ. ಆದ್ರೆ ಯಾಕೆ ಮೇಡಂ?"

"ನನಗೂ ಗೊತ್ತಿಲ್ಲ" ಎಂದರು ಮೇಡಂ.

"ಅಪ್ಪಾ, ಡಬ್ಬಿ ಎಲ್ಲಿಡ್ತೀರ?" ಎಂದಳು ಮಗಳು.

"ಮೊದಲು ಕೆಳಗೆ ತಣ್ಣಗಿರೋ ಮೂಲೇಲಿ ಇಡ್ತಿದ್ದೆ. ಇಲಿ ಕಾಟ ಅಂತ ಓವನ್ ಮೇಲಿನ ಹಲಗೆಗೆ…" ಅಷ್ಟಕ್ಕೇ ನಿಲ್ಲಿಸಿ ಹಣೆ ಬಡಿದುಕೊಂಡ. ಆ ಹಲಗೆಯ ಮೇಲೆ ಕೈ ಇಡಲೂ ಆಗದಷ್ಟು ಬಿಸಿ.

"ಇದೂ ಊಹೆಯೇ. ಪರೀಕ್ಷೆ ಮಾಡ್ಬೇಕಲ್ಲ?" ಎಂದರು ಮೇಡಂ.

"ಅದನ್ನ ನಾವು ಬೇಕರೀಲೇ ಮಾಡ್ತೀವಿ. ಹೊಸ ಡಬ್ಬಿ ತಂದು ಅರ್ಧ ಹಲಗೆ ಮೇಲೆ, ಅರ್ಧ ತಣ್ಣಗಿರೋ ಕಡೆ. ಅಲ್ವಾ ಪುಟ್ಟಿ?"

"ಮತ್ತೆ ವರ್ಗಾವಣೆ ಪತ್ರ?" ಎಂದರು ಮೇಡಂ.

"ಯಾವ ಪತ್ರ ಮೇಡಂ?" ಎಂದ ಬೇಕರಿಯವನು, ಏನೂ ಗೊತ್ತಿಲ್ಲದವನ ಹಾಗೆ.

ಸಂಜೆ ಮನೆಗೆ ಬರುವ ದಾರಿಯಲ್ಲಿ ಅವನು ಮಗಳನ್ನು ಕೇಳಿದ: "ನಿನ್ನೆ ನಾನು ಹೇಳಿದ ಹಾಗೆ, ಉಬ್ಬಿತು ಅಂತ ಬರೆದಿದ್ರೆ ಏನಾಗ್ತಿತ್ತು?"

"ನೀವು ಇನ್ನೂ ಅಮ್ಮನ್ನೇ ಬೈತಿರ್ತಿದ್ರಿ."

ಅವನಿಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು. "ತಪ್ಪಾಯ್ತು ಪುಟ್ಟಿ. ಕಂಡಿದ್ದನ್ನೇ ಬರಿ. ಇನ್ನು ಯಾವತ್ತೂ ಬೇಡ ಅನ್ನಲ್ಲ" ಎಂದ.

ಕೇಳಿದಿರಲ್ಲ? ನಿಮ್ಮ ಮಕ್ಕಳೂ ಶಾಲೆಗೆಂದು ಬಾಟಲಿ, ದಾರ, ರಟ್ಟಿನ ಚೂರು ಕೇಳಿದರೆ ಆಟವೆಂದು ಬೈಯಬೇಡಿ. ಊಹಿಸಿ, ಅಳೆದು, ಮಾಡಿ ನೋಡಿ ಕಲಿತ ವಿಜ್ಞಾನ, ಗಣಿತ ಪರೀಕ್ಷೆ ಮುಗಿದ ಮೇಲೂ ಕೈಬಿಡುವುದಿಲ್ಲ. ಬಿಡುವು ಮಾಡಿಕೊಂಡು ಒಂದು ದಿನ ತರಗತಿಯಲ್ಲಿ ಕೂತು ಬನ್ನಿ. ಸಂಜೆ, ಎಷ್ಟು ಅಂಕ ಬಂತು ಎನ್ನುವ ಮೊದಲು, ಇವತ್ತು ಏನು ಮಾಡಿ ನೋಡಿದೆ ಎಂದು ಕೇಳಿ. ಮಗು "ಆಗಲಿಲ್ಲ" ಎಂದರೆ ಪಕ್ಕದಲ್ಲಿ ಕೂತು, "ಯಾಕಿರಬಹುದು?" ಎನ್ನಿ. ಉತ್ತರ ನಿಮಗೂ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು, ಇಬ್ಬರೂ ಸೇರಿ ಹುಡುಕಬಹುದು.