ಎಂಟನೆಯ ಹೆಜ್ಜೆ

ಮೂರು ಗಂಟೆಗೆ ಶುರು, ಮೂರೂವರೆಗೆ ಮುಕ್ತಾಯ, ಚಾನೆಲ್ ಎರಡು. ಎಲ್ಲ ಒತ್ತಿದ್ದಾಗಿದೆ. ಒತ್ತಿದ್ದಾಗಿದೆಯೋ, ಒತ್ತಿದೆ ಅಂದುಕೊಂಡದ್ದೋ? ನಿನ್ನೆಯೂ ಹೀಗೆಯೇ ಅಂದುಕೊಂಡಿದ್ದ, ಮೊನ್ನೆಯೂ. ಅವನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಟಿವಿಯ ಕೆಳಗಿದ್ದ ಹೊಸ ವಿಡಿಯೋ ರೆಕಾರ್ಡರನ್ನು ನೋಡುತ್ತಿದ್ದ. ಅದರ ಮೂತಿಯ ಮೇಲಿನ ಹಸಿರು ಅಂಕಿಗಳು ಮೂರು ಗಂಟೆ ಎರಡು ನಿಮಿಷ ತೋರಿಸುತ್ತಿದ್ದವು. ಕಿಂಡಿಯೊಳಗೆ ಕ್ಯಾಸೆಟ್ಟಿನ ಚಕ್ರಗಳು ಅಲುಗಲಿಲ್ಲ.

ಇದನ್ನು ಕಣ್ಣಾರೆ ನೋಡಲೆಂದೇ ಅವನು ತನ್ನ ಗಡಿಯಾರ ರಿಪೇರಿ ಅಂಗಡಿಯ ಬಾಗಿಲು ಎಳೆದು ಬಂದಿದ್ದ. ಹೆಂಡತಿಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮಧ್ಯಾಹ್ನದ ಪಾಳಿ ಬಿದ್ದಿತ್ತು. ಎರಡು ವರ್ಷದಿಂದ ನೋಡಿಕೊಂಡು ಬಂದಿದ್ದ ವಕೀಲನ ಧಾರಾವಾಹಿ ತಪ್ಪಿಹೋಗುತ್ತದೆಂದು ಅವಳು ಮುಖ ಸಪ್ಪಗೆ ಮಾಡಿಕೊಂಡಾಗ, ಟಿವಿ ಮಾರುವ ಅಂಗಡಿಯಲ್ಲಿದ್ದುದರಲ್ಲೇ ಅಗ್ಗದ ರೆಕಾರ್ಡರನ್ನು ಅವನೇ ಆರಿಸಿ ತಂದಿದ್ದ. ಹಗುರ ಪ್ಲಾಸ್ಟಿಕ್ಕು, ಒತ್ತಿದರೆ ಕಿರುಗುಟ್ಟುವ ಬಟನ್ನು. ಆದರೆ ಕ್ಯಾಸೆಟ್ ಹಾಕಿ ಕಿವಿಗೊಟ್ಟು ಕೇಳಿದಾಗ ಮೋಟಾರಿನ ಸದ್ದಿನಲ್ಲಿ ತೊಡರಿರಲಿಲ್ಲ. ಕೊಟ್ಟ ಬೆಲೆಗೆ ಮೋಸವಿಲ್ಲ ಎಂದು ಅವನಿಗೆ ಅನಿಸಿತ್ತು.

ಮೂರೂವರೆಯಾಯಿತು. ಧಾರಾವಾಹಿ ಮುಗಿದು ಸೋಪಿನ ಜಾಹೀರಾತು ಬಂದಾಗ ಅವನಿಗೆ ಹೊಳೆಯಿತು: ಇಲ್ಲೇ ಕೂತಿದ್ದವನು ಕೈಯಾರೆ ರೆಕಾರ್ಡ್ ಬಟನ್ ಒತ್ತಬಹುದಿತ್ತಲ್ಲ. ಅದೂ ಹೊಳೆಯಲಿಲ್ಲವಲ್ಲ.

ಅಣ್ಣನಿಗೆ ಶುರುವಾದದ್ದೂ ಹೀಗೆಯೇ. ಅಣ್ಣ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದವನು, ಒಂದು ಅಲ್ಪವಿರಾಮವೂ ಅವನ ಕಣ್ಣು ತಪ್ಪಿಸಿಕೊಂಡು ಹೋದದ್ದಿಲ್ಲ. ಒಂದು ಬೆಳಿಗ್ಗೆ ರೇಡಿಯೋದ ಮುಂದೆ ನಿಂತು, "ಇದನ್ನ ಯಾವ ಕಡೆ ತಿರುಗಿಸೋದು?" ಎಂದು ಕೇಳಿದ. ಮನೆಯವರೆಲ್ಲ ತಮಾಷೆಯೆಂದು ನಕ್ಕರು. ಎರಡು ವರ್ಷದಲ್ಲಿ ಮನೆಯ ದಾರಿಯೂ ಮರೆತು, ಅತ್ತಿಗೆಯನ್ನೇ ನೋಡಿ, "ನೀವು ಯಾರ ಪೈಕಿ?" ಎಂದು ಕೇಳುವಷ್ಟಾಯಿತು. ರೇಡಿಯೋ ಮರೆತಾಗ ಅಣ್ಣನಿಗೆ ಅರವತ್ತೊಂದು. ಈಗ ಇವನಿಗೆ ಅರವತ್ತೊಂದು.

ಸಂಜೆ ಹೆಂಡತಿ ಬಂದು ಚಪ್ಪಲಿ ಬಿಡುತ್ತಲೇ ಕೇಳಿದಳು. "ಸಿಕ್ಕಿದನಾ ನಮ್ಮ ವಕೀಲ?"

"ಇಲ್ಲ."

"ಇವತ್ತೂ ಟಿವಿ ತುಂಬ ಬರೀ ಚುಕ್ಕಿ ಚುಕ್ಕಿನಾ? ಊರವರ ಗಡಿಯಾರಕ್ಕೆಲ್ಲ ಜೀವ ಕೊಡ್ತೀರಿ, ನಮ್ಮನೆ ಡಬ್ಬದ ಮುಂದೆ ಮಾತ್ರ ಹೊಸ ಅಳಿಯನ ಥರ ಕೈಕಟ್ಕೊಂಡು ಕೂತ್ಕೋತೀರಲ್ಲ."

ಅವನು ನಗಲಿಲ್ಲ. ಅವಳು ಒಮ್ಮೆ ಮುಖ ನೋಡಿ ದನಿ ತಗ್ಗಿಸಿದಳು. "ಅಂಗಡಿಗೆ ತಗೊಂಡ್ಹೋಗಿ ತೋರಿಸ್ಬಾರದಾ? ಏಳು ದಿನದೊಳಗೆ ಬದಲಾಯಿಸಿಕೊಡ್ತೀವಿ ಅಂದಿದ್ದಾರೆ."

"ನೋಡೋಣ."

ಅಂಗಡಿಗೆ ಹೋಗುವುದೇ ಅವನಿಗೆ ಭಯವಾಗಿತ್ತು. ಅಂಗಡಿಯವನು ನಾಲ್ಕು ಬಟನ್ ಒತ್ತಿ, ಯಂತ್ರ ಸದ್ದಿಲ್ಲದೆ ಕೆಲಸ ಮಾಡಿಬಿಟ್ಟರೆ? ಆಗ ಕೆಟ್ಟಿರುವುದು ಯಾವುದು ಎಂಬುದರಲ್ಲಿ ಅನುಮಾನವೇ ಉಳಿಯುವುದಿಲ್ಲ. ಇನ್ನೂ ಮೂರು ದಿನ ಅವನು ಬೆಳಿಗ್ಗೆ ಬೆಳಿಗ್ಗೆ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಸೂಚನೆಯ ಹಾಳೆಯಲ್ಲಿದ್ದ ಏಳು ಹೆಜ್ಜೆಗಳನ್ನು ಒಂದೊಂದಾಗಿ ಬೆರಳಿಟ್ಟು ಓದಿದ, ಓದಿದಂತೆ ಒತ್ತಿದ. ಸಂಜೆ ಮತ್ತೆ ಚುಕ್ಕಿ ಚುಕ್ಕಿ. ಏಳನೆಯ ದಿನ ರೆಕಾರ್ಡರನ್ನು ಚೀಲಕ್ಕೆ ಹಾಕಿಕೊಂಡು ಹೊರಟ.

ಅಂಗಡಿಯ ಯಜಮಾನ ಎತ್ತರದ ಸ್ಟೂಲಿನ ಮೇಲೆ ಕೂತು ಫ್ಯಾನಿನ ರೆಕ್ಕೆ ಒರೆಸುತ್ತಿದ್ದ. "ಏನು ಗಡಿಯಾರದೋರೇ, ಇಷ್ಟು ಬೇಗ ಬೇಜಾರಾಯ್ತಾ? ಬಿಲ್ ಇದೆಯಾ?"

ಅವನು ಅಂಗಿಯ ಜೇಬಿನಿಂದ ಬಿಲ್ಲು ತೆಗೆದು ಕೊಟ್ಟ. ಅದರ ಜೊತೆಗೇ ನಾಲ್ಕಾಗಿ ಮಡಿಸಿದ್ದ ಚೀಟಿಯೊಂದು ಕೌಂಟರಿನ ಮೇಲೆ ಬಿತ್ತು. ಯಜಮಾನ ಬಿಡಿಸಿ ನೋಡಿದ. "ಇದೇನು, ಮನೆ ವಿಳಾಸ ಬರ್ಕೊಂಡು ಬಂದಿದ್ದೀರಾ? ಮನೆಗೇ ಬಂದು ನೋಡ್ಬೇಕಾ?"

"ಅದಲ್ಲ. ಅದು ಬೇರೆ." ಅವನು ಚೀಟಿಯನ್ನು ಕಿತ್ತುಕೊಂಡಂತೆ ಇಸಿದುಕೊಂಡು ಜೇಬಿಗೆ ಸೇರಿಸಿದ.

ಯಜಮಾನ ರೆಕಾರ್ಡರನ್ನು ಅಂಗಡಿಯ ಟಿವಿಗೆ ಜೋಡಿಸಿ ಕ್ಯಾಸೆಟ್ ಹಾಕಿ ಹಾಡೊಂದನ್ನು ಓಡಿಸಿದ. "ನೋಡಿ, ಬೆಣ್ಣೆ ಥರ ಓಡ್ತಾ ಇದೆ."

"ಓಡೋದು ಗೊತ್ತು. ಟೈಮರ್ ಹಾಕಿ ನೋಡಿ."

"ಅದೇನು ಮಹಾ." ಹಾಳೆಯನ್ನೂ ನೋಡದೆ ಯಜಮಾನ ಟಪಟಪನೆ ಒತ್ತಿದ. ಗಂಟೆ, ನಿಮಿಷ, ಚಾನೆಲ್. "ಐದು ನಿಮಿಷ ಬಿಟ್ಟು ಹತ್ತೂ ಇಪ್ಪತ್ತಕ್ಕೆ ಇಟ್ಟಿದ್ದೀನಿ. ಕಾಯೋಣ."

ಇಬ್ಬರೂ ಕಾದರು. ಗೋಡೆಯ ಮೇಲಿನ ಗಡಿಯಾರ ಅರ್ಧ ನಿಮಿಷ ಹಿಂದಿರುವುದು ಅವನ ಗಮನಕ್ಕೆ ಬಂತು. ಹತ್ತೂ ಹತ್ತೊಂಬತ್ತು. ಕಣ್ಣು ಮುಚ್ಚಿದ. ಓಡಬೇಡ, ಓಡಬೇಡ, ಎಂದಿತು ಮನಸ್ಸು. ನಲವತ್ತು ವರ್ಷದಲ್ಲಿ ಯಾವ ಯಂತ್ರಕ್ಕೂ ಅವನು ಹಾಗೆ ಬೇಡಿಕೊಂಡಿರಲಿಲ್ಲ.

"ಅರೆ," ಎಂದ ಯಜಮಾನ.

ಅವನು ಕಣ್ಣು ಬಿಟ್ಟ. ಹತ್ತೂ ಇಪ್ಪತ್ತೊಂದು. ಚಕ್ರಗಳು ನಿಂತಲ್ಲೇ ನಿಂತಿದ್ದವು.

"ಇನ್ನೊಂದ್ಸಲ ಹಾಕಿ," ಎಂದ ಅವನು. ದನಿ ತನ್ನದೇ ಅಲ್ಲವೆನ್ನುವಷ್ಟು ಹುಮ್ಮಸ್ಸಿನಿಂದ ಕೂಡಿತ್ತು.

ಯಜಮಾನ ಈ ಸಲ ಹಾಳೆ ಬಿಡಿಸಿಕೊಂಡು ಬೆವರುತ್ತ ಒತ್ತಿದ. ಹತ್ತೂ ಮೂವತ್ತಕ್ಕೂ ಅದೇ ಕಥೆ. ಅಷ್ಟರಲ್ಲಿ ಪಕ್ಕದ ಹೊಲಿಗೆ ಅಂಗಡಿಯ ಟೈಲರಮ್ಮ ಕೊರಳಲ್ಲಿ ಅಳತೆಯ ಟೇಪು ನೇತುಹಾಕಿಕೊಂಡು ಇಸ್ತ್ರಿಪೆಟ್ಟಿಗೆಗೆ ವೈರು ಕೇಳಲು ಬಂದವಳು, ಒಂದು ಕ್ಷಣ ನೋಡಿದಳು.

"ಅದನ್ನ ಆಫ್ ಮಾಡ್ಬೇಕು ಕಣಣ್ಣ."

"ಆಫ್ ಮಾಡಿದ್ರೆ ಹೇಗಮ್ಮಾ ರೆಕಾರ್ಡ್ ಆಗುತ್ತೆ?" ಎಂದ ಯಜಮಾನ.

"ನನ್ನ ಕೇಳಿದ್ರೆ? ನೀವೇ ಮಾರಿದ್ದು. ಟೈಮರ್ ಹಾಕಿ, ಆಮೇಲೆ ಪವರ್ ಬಟನ್ ಒತ್ತಿ ಮಲಗಿಸ್ಬೇಕು. ಅದು ಟೈಮಿಗೆ ತಾನೇ ಎದ್ದು ಕೆಲಸ ಮಾಡುತ್ತೆ. ಎಚ್ಚರ ಇದ್ರೆ ಮಾಡಲ್ಲ, ನಮ್ಮನೆಯವರ ಥರಾನೇ ಉಲ್ಟಾ."

ಯಜಮಾನ ಮತ್ತೆ ಟೈಮರ್ ಹಾಕಿ ಆಫ್ ಮಾಡಿದ. ಹಸಿರು ಅಂಕಿಗಳು ಆರಿ, ಮೂಲೆಯಲ್ಲಿ ಒಂದು ಕೆಂಪು ಚುಕ್ಕೆ ಮಾತ್ರ ಉಳಿಯಿತು. ಸಮಯ ಬಂದಾಗ ಒಳಗೆಲ್ಲೋ ಟಕ್ ಎಂದಿತು. ಚಕ್ರಗಳು ಮೆಲ್ಲಗೆ ತಿರುಗಿದವು. ನಿಂತ ಗಡಿಯಾರ ಕೈಯಲ್ಲಿ ಮತ್ತೆ ಹೊರಡುವಾಗಿನ ಸದ್ದಿನಂತೆಯೇ ಇತ್ತು ಅದು. ಓಡಬೇಕಾದರೆ ಕೀಲಿ ಕೊಡಬೇಕು ಎಂಬುದನ್ನು ಮಾತ್ರ ಬಲ್ಲವನು ಇದನ್ನು ಹೇಗೆ ಊಹಿಸಿಯಾನು? ಅವನು ಹಾಳೆಯನ್ನು ಎಳೆದುಕೊಂಡು ಹಿಂದೆ ಮುಂದೆ ತಿರುಗಿಸಿದ. ಏಳೇ ಹೆಜ್ಜೆ. ಎಂಟನೆಯದು ಎಲ್ಲೂ ಇರಲಿಲ್ಲ.

"ನಿಮಗೆ ಇದು ಗೊತ್ತಾಗೋಕೆ ಎಷ್ಟು ದಿನ ಹಿಡೀತಮ್ಮಾ?" ಎಂದು ಕೇಳಿದ.

"ಮೂರು ವಾರ. ನಮ್ಮೆಜಮಾನ್ರು ಅದನ್ನ ಬೈದ ಬೈಗುಳ ಕೇಳಿದ್ರೆ ನೀವು ಕಿವಿ ಮುಚ್ಕೋತಿದ್ರಿ. ಕೊನೆಗೆ ಒಂದಿನ ಸಿಟ್ಟಿಗೆ ಆಫ್ ಮಾಡಿ ಹೋದ್ರು, ಅವತ್ತೇ ಆಯ್ತು."

"ಮೂರು ವಾರ." ಅವನು ಆ ಮಾತನ್ನು ಬಾಯಲ್ಲಿ ಹೊರಳಿಸಿದ. "ಅವರಿಗೆ ವಯಸ್ಸೆಷ್ಟು?"

ಟೈಲರಮ್ಮ ವಿಚಿತ್ರವಾಗಿ ನೋಡಿದಳು. "ಮೂವತ್ತೆಂಟು. ಯಾಕೆ?"

"ಸುಮ್ನೆ ಕೇಳ್ದೆ."

"ಬೇಡ ಅಂದ್ರೆ ಬೇರೆ ಕೊಡ್ತೀನಿ," ಎಂದ ಯಜಮಾನ ನಾಚಿಕೊಂಡು. "ಸ್ವಲ್ಪ ಜಾಸ್ತಿಯಾಗುತ್ತೆ, ಆದ್ರೆ ಎರಡೇ ಬಟನ್."

"ಬೇಡಪ್ಪ. ಇದೇ ಇರ್ಲಿ. ಒಳ್ಳೇ ಮಾಲು. ಹಾಳೆ ಬರೆದೋನಿಗೆ ಮಾತ್ರ ಮರೆವು." ಹಾಗೆಂದು ಅವನು ಗಟ್ಟಿಯಾಗಿ ನಕ್ಕ. ಅದರಲ್ಲಿ ಅಷ್ಟು ನಗುವಂಥದ್ದೇನಿದೆ ಎಂದು ಉಳಿದಿಬ್ಬರೂ ಮುಖ ಮುಖ ನೋಡಿಕೊಂಡರು. ಹೊರಡುವ ಮೊದಲು ಅವನು ಸ್ಟೂಲು ಹತ್ತಿ, ಗೋಡೆಯ ಗಡಿಯಾರವನ್ನು ಅರ್ಧ ನಿಮಿಷ ಮುಂದಿಟ್ಟ.

ಅಂದು ಸಂಜೆ ವಕೀಲ ಬಂದ. ಹೆಂಡತಿ ಕಾಲು ನೀಡಿ ಕೂತು ಜಾಹೀರಾತುಗಳನ್ನೂ ಬಿಡದೆ ನೋಡಿದಳು. "ಅಂತೂ ಏನಾಗಿತ್ತು ಇದಕ್ಕೆ?"

"ಆಫ್ ಮಾಡ್ಬೇಕಿತ್ತಂತೆ."

"ಅಷ್ಟೇನಾ? ಅಷ್ಟಕ್ಕೆ ವಾರವೆಲ್ಲ ಸತ್ತೋರ ಮನೆ ಥರ ಮುಖ ಮಾಡ್ಕೊಂಡಿದ್ರಾ?" ಅವಳು ನಕ್ಕಳು. "ನಾಳೆ ನಾನೇ ಹಾಕ್ತೀನಿ. ಮರೆಯೋ ಮೊದಲು ಎಲ್ಲಾದರೂ ಬರೆದಿಡಿ."

ಅವನು ಜೇಬಿನಿಂದ, ಅಂಗಡಿಯಲ್ಲಿ ಬಿದ್ದಿದ್ದ ಆ ಮಡಿಸಿದ ಚೀಟಿ ತೆಗೆದು, ಅದರ ಖಾಲಿ ಬದಿಯಲ್ಲಿ ದಪ್ಪಕ್ಷರದಲ್ಲಿ ಬರೆದ: ಎಂಟು, ಆಫ್ ಮಾಡುವುದು. ಹಿಂಬದಿಗೆ ಗೋಂದು ಸವರಿ ರೆಕಾರ್ಡರಿನ ನೆತ್ತಿಯ ಮೇಲೆ ಅಂಟಿಸಿ, ಮೂಲೆಗಳು ಏಳದಂತೆ ಹೆಬ್ಬೆರಳಿನಿಂದ ಒತ್ತಿದ.

"ಇಷ್ಟು ಚಿಕ್ಕ ಚೀಟಿಗೆ ಅಷ್ಟು ಗೋಂದು ಯಾಕೆ?" ಎಂದಳು ಹೆಂಡತಿ, ಟಿವಿಯಿಂದ ಕಣ್ಣು ತೆಗೆಯದೆ.

"ಗಟ್ಟಿಯಾಗಿರ್ಲಿ ಅಂತ."

ಅದರ ಕೆಳಬದಿಯಲ್ಲಿ ಏನು ಬರೆದಿತ್ತೆಂದು ಅವನು ಅವಳಿಗೆ ಯಾವತ್ತೂ ಹೇಳಲಿಲ್ಲ.