ಎಡಗೈಯಲ್ಲಿ ಹೊಸೆದ ಡಿಎನ್‌ಎ

ಅಬ್ದುಲರಜಾಕ ಮಾಸ್ತರರ ಕೋಟಿನ ಎಡತೋಳು ವರ್ಷವಿಡೀ ಸುಣ್ಣದ ಗೋಡೆಗೆ ಒರಗಿ ಬಂದಂತೆ ಬೆಳ್ಳಗಿರುತ್ತಿತ್ತು. ಎಡಗೈಯಲ್ಲಿ ಬರೆಯುವ ಅವರು ಬರೆದದ್ದನ್ನು ಅದೇ ತೋಳಿನಿಂದ ಒರೆಸುತ್ತಲೇ ಹಲಗೆಯ ಮೇಲೆ ಮುಂದೆ ಸರಿಯುತ್ತಿದ್ದರು. ರಾಣೆಬೆನ್ನೂರಿನ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ಈ ಮನುಷ್ಯ ಪ್ರತಿ ಮಾತಿನ ಬಾಲಕ್ಕೆ ‘ಸುಳ್ಳಿದ್ರ ಹೇಳ್ರಿ’ ಎಂದು ಸೇರಿಸುತ್ತಿದ್ದರು. ತೊಂಬತ್ತೊಂದನೆಯ ಇಸವಿಯವರೆಗೆ ಯಾರೂ ಹೇಳಿರಲಿಲ್ಲ.

ಆ ವರ್ಷ ಅವರು ಡಿಎನ್‌ಎಯ ಮಾದರಿಯೊಂದನ್ನು ಕಟ್ಟಿದ್ದರು. ಕೆಂಪು, ಬಿಳಿ ಎರಡು ನೂಲು ಜೋಡಿಸಿ ಹೊಸೆದ ಉದ್ದನೆಯ ಹುರಿ. ಅದು ಸುತ್ತಿಕೊಳ್ಳಲು ಬೀಜದ ಉಂಡೆಗಳು. ಒಂದೊಂದರಲ್ಲೂ ಹುಣಸೆ, ಅವರೆ, ತೊಗರಿ, ಕಡಲೆ ಎರಡೆರಡು, ಅಂದರೆ ಡಿಎನ್‌ಎ ಸುತ್ತಿಕೊಳ್ಳುವ ಹಿಸ್ಟೋನ್ ಎಂಬ ಎಂಟು ಪ್ರೋಟೀನುಗಳು. ಸುತ್ತು ಸಡಿಲಾಗದಂತೆ ಹೊರಗೊಂದು ಗಂಟು. ಮುನ್ನೂರು ಉಂಡೆಗೆ ಎರಡು ಬೇಸಿಗೆ ಹಿಡಿದಿತ್ತು. ಮರುದಿನ ಹಾವೇರಿಯ ವಿಜ್ಞಾನ ಪ್ರದರ್ಶನಕ್ಕೆ ಒಯ್ಯುವ ಮುನ್ನ ಅದನ್ನು ತರಗತಿಗೆ ತಂದರು.

“ಎರಡು ಮೀಟರ್ ದಾರ, ಜೀವಕೋಶದಾಗಿನ ಕಣ್ಣಿಗೆ ಕಾಣದಂಥ ಗೂಡಿನ್ಯಾಗ ಇರಬೇಕು. ತುರುಕಿದ್ರ ಸಿಕ್ಕ ಬೀಳ್ತೈತಿ, ಸುತ್ತಿಟ್ರ ಹಿಡಿಸ್ತೈತಿ. ಸುಳ್ಳಿದ್ರ ಹೇಳ್ರಿ.”

ಗುತ್ತಲದಿಂದ ಬಸ್ಸಿಗೆ ಬರುತ್ತಿದ್ದ ಫಕ್ಕೀರವ್ವ ಎದ್ದು ನಿಂತಳು. ಅವಳ ಮನೆಯಲ್ಲಿ ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದರು.

“ಸರ್ರ, ಪುಸ್ತಕದಾಗಿನ ಹುರಿ ನಮ್ಮ ಹಗ್ಗದಂಗ ಬಲಕ್ಕ ತಿರಿಗೈತ್ರಿ. ನಿಮ್ಮದು ಎಡಕ್ಕ.”

“ಏ ಹಗ್ಗದಾಕಿ, ಕುಂದರ. ಇದೇನ್ ಎತ್ತು ಕಟ್ಟೂದಲ್ಲ,” ಹಿಂದಿನ ಬೆಂಚಿನಿಂದ ಯಾರೋ ಅಂದರು.

ಮಾಸ್ತರರು ಪುಸ್ತಕದ ಚಿತ್ರದ ಪಕ್ಕ ಹುರಿ ಹಿಡಿದು ನೋಡಿದರು. ಅವಳು ಹೇಳಿದ್ದು ನಿಜ; ಎಡಗೈಯವರು ಅಂಗೈಯಲ್ಲಿ ಉಜ್ಜಿ ಹೊಸೆದರೆ ಹುರಿ ತಿರುಗುವುದೇ ಎಡಕ್ಕೆ. ಹಾವೇರಿಯಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲವೆಂದು ಫಕ್ಕೀರವ್ವನಿಗೂ ಗೊತ್ತಿತ್ತು. ಯಾಕಾದರೂ ಬಾಯಿ ಬಿಟ್ಟೆನೋ ಎನ್ನಿಸಿತು ಅವಳಿಗೆ.

ಅವರು ಮೊದಲ ಗಂಟನ್ನು ಹಲ್ಲಿನಿಂದ ಬಿಚ್ಚಿದರು, ಆಮೇಲೆ ಎರಡನೆಯದನ್ನು. ಬೀಜಗಳು ಬೆಂಚಿನ ಕೆಳಗೆಲ್ಲ ಉರುಳಿದವು.

“ಸರ್ರ, ನಾಳಿಗೆ ಹೆಂಗ್ರಿ?” ಫಕ್ಕೀರವ್ವ ಕೇಳಿದಳು.

“ನನ್ನ ಕೈ ಆ ಕಡಿ ಹೊರಳಂಗಿಲ್ಲವ್ವ. ನೀ ಹೊಸಿ, ನಾ ತುದಿ ಹಿಡೀತೇನಿ.”

ಸಂಜೆಯೊಳಗೆ ಮುಗಿದದ್ದಷ್ಟೇ ಮರುದಿನ ಹಾವೇರಿಗೆ ಹೋಯಿತು: ಒಂದು ಗೇಣು ಹುರಿ, ಮೂರು ಉಂಡೆ. ತೀರ್ಪುಗಾರರು ಅದನ್ನು ದಾಟಿ, ಬಲ್ಬು ಮಿನುಗುತ್ತಿದ್ದ ಥರ್ಮೋಕೋಲ್ ಹೃದಯದ ಮುಂದೆ ನಿಂತರು.

ಇಂಥ ಮಾಸ್ತರರ ಹೆಸರು ಬಹುಮಾನದ ಪಟ್ಟಿಯಲ್ಲಿ ಸಿಗುವುದಿಲ್ಲ. ತರಗತಿಯ ಮುಂದೆ ತಪ್ಪಿದೆನೆಂಬ ಸಂಕೋಚಕ್ಕಿಂತ ತಪ್ಪನ್ನೇ ಕಲಿಸಿಬಿಡುತ್ತೇನೆಂಬ ಭಯ ಅವರಿಗೆ ದೊಡ್ಡದು; ಅವರ ಕೈಕೆಳಗೆ ಕಲಿತವರು ಮಾತ್ರ ಮುಂದೆ ಎಂಥ ದೊಡ್ಡವರ ಎದುರೂ ಕಂಡದ್ದನ್ನು ಕಂಡಂತೆ ಹೇಳಿಬಿಡುತ್ತಾರೆ.