ಸೇತುವೆ ಕಾದ ಮೀರೋಬ್

ನಜ್ರಿಶೋ ನಡೆಯುವಾಗ ಅವನ ತಲೆ ಸದಾ ಎಡಕ್ಕೆ ವಾಲಿರುತ್ತಿತ್ತು. ಕಾಲುವೆಯ ಸದ್ದಿನಿಂದಲೇ ಎಲ್ಲಿ ಕಟ್ಟೆ ಸೋರುತ್ತಿದೆ, ಯಾರು ಪಾಳಿ ಮೀರಿ ಮಡೆ ತೆರೆದಿದ್ದಾರೆ ಎಂದು ಗ್ರಹಿಸಬಲ್ಲ ಆ ಕಿವಿ ಮನುಷ್ಯರ ಹೊಗಳಿಕೆಗಾಗಲಿ ಬೈಗುಳಕ್ಕಾಗಲಿ ಎಂದೂ ತೆರೆದುಕೊಂಡದ್ದಿಲ್ಲ. ನಮ್ಮ ಕಣಿವೆಯ ಮೇಲೂರು ಕೆಳಗೂರುಗಳೆರಡಕ್ಕೂ ನೀರು ಹಂಚುವ ಮೀರೋಬ್ ಅವನು. ಬೇಸಗೆಯಲ್ಲೂ ಬಿಡದ, ಹತ್ತಿ ತುಂಬಿ ಹೊಲಿದ ನಿಲುವಂಗಿಯ ಒಂದು ತೋಳು ರೊಟ್ಟಿಯ ಒಲೆಗೆ ತಗುಲಿ ಸುಟ್ಟಿತ್ತು. ಯೋಚನೆಗೆ ಬಿದ್ದನೆಂದರೆ ಅಲ್ಲಿಂದ ಹತ್ತಿ ಕೀಳುತ್ತ ಕೂರುತ್ತಿದ್ದ. ಪ್ರತಿ ಮಾತಿನ ಕೊನೆಗೂ “ಅಷ್ಟೇ ತಾನೆ?” ಎನ್ನುವುದು ಅವನ ರೂಢಿ.

ತಜಿಕಿಸ್ತಾನ ಸ್ವತಂತ್ರವಾದ ಮರುವರ್ಷದ ಚಳಿಗಾಲದಲ್ಲಿ ನಮ್ಮವರೇ ನಮ್ಮವರನ್ನು ಕೊಲ್ಲತೊಡಗಿದ್ದರು; ಮೇಲೂರಿನ ನಾವು ಒಂದು ಪಕ್ಷ, ಕೆಳಗೂರು ಇನ್ನೊಂದು. ಸೋತ ನಮ್ಮ ಪಡೆ ಗಾಯಾಳುಗಳನ್ನೂ ಹೆಂಗಸರು ಮಕ್ಕಳನ್ನೂ ಟ್ರ್ಯಾಕ್ಟರುಗಳಲ್ಲಿ ತುಂಬಿಕೊಂಡು ಹಿಮದ ಘಟ್ಟದತ್ತ ಹಿಮ್ಮೆಟ್ಟಿತು. ಅವರು ಘಟ್ಟ ದಾಟುವವರೆಗೆ ನದಿಯ ಸೇತುವೆಯನ್ನು ಕಾಯಲು ಒಂಬತ್ತು ಮಂದಿ ಉಳಿದೆವು. ನಾನು ಶಾಲೆಯ ಮೇಷ್ಟ್ರು. ಎಂದೋ ಸೈನ್ಯದಲ್ಲಿದ್ದ ನಜ್ರಿಶೋ ನಮ್ಮ ನಾಯಕ.

ಬೆಳಗಿನ ಹೊತ್ತಿಗೆ ಆಚೆ ದಡದ ಬಂಡೆಗಳ ಹಿಂದೆ ಬಂದು ಕವಿದವರು ಕೆಳಗೂರಿನವರೇ.

“ಏ ಮೀರೋಬ್ ಅಣ್ಣ! ಆ ಸುಟ್ಟ ಅಂಗಿ ಇನ್ನೂ ಬಿಸಾಕಿಲ್ವಾ? ಎದ್ದು ಬಾ, ನಿಂಗೇನೂ ಮಾಡಲ್ಲ!”

“ಯೋರ್ಮಹ್ಮದ್, ನೀನೇನೋ? ನೀರುಗಳ್ಳ!” ನಜ್ರಿಶೋನೂ ಕೂಗಿದ. “ಮಕ್ಕಳು ಮರಿ ಘಟ್ಟ ಹತ್ಲಿ ಕಣೋ, ಆಮೇಲೆ ಸೇತುವೆ ನಿಂದೇ. ಮಧ್ಯಾಹ್ನದವರೆಗೂ ಸುಮ್ನಿರು, ಅಷ್ಟೇ ತಾನೆ?”

ಎರಡೂ ದಡದಲ್ಲಿ ನಗು ಎದ್ದಿತು.

“ನಂಗೆ ಅಷ್ಟು ಹೊತ್ತು ಯಾರು ಕೊಡ್ತಾರಣ್ಣ? ನಿಂತ್ರೆ ನನ್ ಹಿಂದಿರೋರೇ ನನ್ನ ಸುಡ್ತಾರೆ.”

ನಗು ನಿಂತಿತು. ಸ್ವಲ್ಪ ಹೊತ್ತಿಗೆ ಯೋರ್ಮಹ್ಮದನೇ ಎಲ್ಲರಿಗಿಂತ ಮುಂದಾಗಿ, ಕೈಬಾಂಬು ಹಿಡಿದು ಸೇತುವೆಯ ಮೇಲೆ ಓಡಿ ಬಂದ. “ಬರಬೇಡ ಕಣೋ, ಬರಬೇಡ!” ಎಂದು ನಜ್ರಿಶೋ ಎರಡು ಬಾರಿ ಅರಚಿದ್ದನ್ನು ಪಕ್ಕದಲ್ಲೇ ಮಲಗಿದ್ದ ನಾನು ಕೇಳಿದೆ. ಮೂರನೆಯ ಸಲ ಗುಂಡು ಹಾರಿತು.

ಮಧ್ಯಾಹ್ನ ಘಟ್ಟದ ತುದಿಯಲ್ಲಿ ಸಂಕೇತದ ಹೊಗೆ ಏಳುವವರೆಗೂ ಸೇತುವೆ ನಮ್ಮದಾಗಿತ್ತು. ಒಂಬತ್ತರಲ್ಲಿ ನಾಲ್ವರು ಬದುಕಿ ಘಟ್ಟ ದಾಟಿದೆವು. ಆ ದಿನದಿಂದಾಚೆ “ಅಷ್ಟೇ ತಾನೆ?” ಎಂಬ ಮಾತು ಅವನ ಬಾಯಿಂದ ಹೊರಬಿದ್ದುದನ್ನು ನಾನು ಕೇಳಲಿಲ್ಲ.

ಐದು ವರ್ಷಕ್ಕೆ ಸಂಧಿಯಾಯಿತು, ಊರಿಗೆ ಮರಳಿದೆವು. ಮೊದಲನೆಯ ವಾರವೇ ನಜ್ರಿಶೋ, ನಾನು ಬೇಡವೆಂದರೂ ಕೇಳದೆ, ಕೆಳಗೂರಿಗೆ ನಡೆದು ಯೋರ್ಮಹ್ಮದನ ತಾಯಿ ಮೊಹ್ತೋಬ್ ಬೀಬಿಯ ಹೊಸ್ತಿಲಾಚೆ ನಿಂತ.

“ನಿಮ್ಮ ಮಗನ್ನ ಹೊಡೆದೋನು ನಾನೇ, ತಾಯಿ.”

“ಗೊತ್ತು,” ಎಂದಳು ಮುದುಕಿ. ಎದುರಿಗೇ ಬಿಸಿ ರೊಟ್ಟಿಯ ಬುಟ್ಟಿಯಿತ್ತು. ಅದರ ಮೇಲೆ ನಿಧಾನವಾಗಿ ಬಟ್ಟೆ ಎಳೆದಳು. “ಒಳಗೆ ಬಾ, ತಿನ್ನು ಅನ್ನೋಕೆ ನನ್ ಕೈಲಾಗಲ್ಲ. ನೀನು ಹೋದಮೇಲೆ ಈ ಕಡೆ ನೀರು ಸರಿಯಾಗಿ ಬರ್ಲಿಲ್ಲ. ಮೊಮ್ಮಕ್ಕಳಿದಾವೆ. ನೀರು ಬಿಡು.”

ಮರುದಿನವೇ ಗುದ್ದಲಿ ಹೊತ್ತ. ಅವನು ಸಾಯುವವರೆಗೂ ಅವಳ ಹೊಲದ ಪಾಳಿ ಒಮ್ಮೆಯೂ ತಪ್ಪಲಿಲ್ಲ. ಅವಳು ಅವನನ್ನು ಒಳಗೆ ಕರೆಯಲೂ ಇಲ್ಲ.

ಹಿಮ್ಮೆಟ್ಟುವ ಸೈನ್ಯಕ್ಕೆ ಬೆನ್ನುಗಾವಲಾಗಿ ನಿಲ್ಲುವವರು ಗೆಲ್ಲುವುದು ರಾಜ್ಯವನ್ನಲ್ಲ, ಕೆಲವೇ ಗಂಟೆಗಳನ್ನು. ಆ ಗಂಟೆಗಳೊಳಗಿಂದ ನುಸುಳಿ ಪಾರಾದವರು ಮದುವೆಯಾಗುತ್ತಾರೆ, ಮನೆ ಕಟ್ಟುತ್ತಾರೆ, ಮರೆಯುತ್ತಾರೆ. ಮರೆಯಲೆಂದೇ ಅವರನ್ನು ಉಳಿಸಿದ್ದು. ಆ ಗಂಟೆಗಳಿಂದ ಹೊರಬರುವ ದಾರಿ ಸಿಗದೆ ಉಳಿದುಬಿಡುವವರು ನಜ್ರಿಶೋನಂಥವರು ಮಾತ್ರ.